ಮೊದಲ ಪೆಟ್ಟಿಗೆ ಬಾಲದ್ದೇ ಆಗಿರಲಿ

ಓದುಗರ ಪ್ರಶ್ನೆ: ಗ್ಯಾರೇಜಿನಲ್ಲಿ ಎರಡು ಸೀಟಿನ ಕಿಟ್ ವಿಮಾನ ಕಟ್ಟಬೇಕೆಂಬ ಆಸೆ ಬಹಳ ದಿನದಿಂದ ಇದೆ. ಆದರೆ ಲೋಹದ ಕೆಲಸ ಮಾಡಿ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ? ಇಡೀ ಕಿಟ್ ಒಟ್ಟಿಗೇ ತರಿಸಿಬಿಡಲೇ?

ಬೇಡ. ಬಾಲದ ಕಿಟ್ ಒಂದನ್ನೇ ತರಿಸಿ. ಎಂಜಿನ್ ಮತ್ತು ಕಾಕ್‌ಪಿಟ್ಟಿನ ಎಲೆಕ್ಟ್ರಾನಿಕ್ ಪರದೆಗಳನ್ನಂತೂ ಈಗ ಮುಟ್ಟಲೇಬೇಡಿ. ವರ್ಷಗಟ್ಟಲೆ ಸುಮ್ಮನೆ ಕೂತ ಎಂಜಿನ್ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಎಲೆಕ್ಟ್ರಾನಿಕ್ಸ್ ಆದರೆ ವಿಮಾನ ಹಾರುವಷ್ಟರಲ್ಲಿ ವಾರಂಟಿಯೂ ಮುಗಿದು ಹಳತೂ ಆಗಿರುತ್ತದೆ.

ಅನೇಕ ತಯಾರಕರು ಕಿಟ್ಟನ್ನು ಕಂತುಕಂತಾಗಿ ಮಾರುತ್ತಾರೆ. ಮೊದಲು ಬಾಲ, ಆಮೇಲೆ ರೆಕ್ಕೆ, ಒಡಲು, ಕೊನೆಗೆ ಉಳಿದ ಸಾಮಾನು. ಬಾಲ ಚಿಕ್ಕದು, ಉಳಿದವುಗಳಿಗಿಂತ ಅಗ್ಗದ್ದು. ಆದರೂ ರೆಕ್ಕೆಯಲ್ಲಿ ಮಾಡಬೇಕಾದ ಕೆಲಸದ ಬಹುಪಾಲು ಇಲ್ಲೇ ಸಿಗುತ್ತದೆ: ಸ್ಪಾರ್ ಎಂಬ ಬೆನ್ನೆಲುಬು, ಅದಕ್ಕೆ ಕೂರುವ ಪಕ್ಕೆಲುಬಿನಂಥ ರಿಬ್‌ಗಳು, ಮೇಲೆ ಹೊದೆಸುವ ತಗಡು. ತಪ್ಪಿದರೆ ಹಾಳಾಗುವುದು ಒಂದು ತಗಡು, ಒಂದು ರಿಬ್. ಆ ಭಾಗವನ್ನಷ್ಟೇ ಮತ್ತೆ ತರಿಸಿಕೊಳ್ಳಬಹುದು. ಅಮೆರಿಕದ ಜೆನಿತ್ ಕಂಪನಿ ಹೊಸಬರಿಗೆಂದು ನಡೆಸುವ ಕಾರ್ಯಾಗಾರದಲ್ಲೂ ಕಟ್ಟಿಸುವುದು ರಡ್ಡರನ್ನೇ, ಅಂದರೆ ವಿಮಾನದ ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಬಾಲದ ಭಾಗವನ್ನೇ. ಬಂದವರು ತಾವು ಕಟ್ಟಿದ ರಡ್ಡರನ್ನು ಮನೆಗೆ ಒಯ್ಯುತ್ತಾರೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗಂತೂ ಕಾಣುವುದಿಲ್ಲ.

ಬಾಲ ಇನ್ನೊಂದು ಪ್ರಶ್ನೆಗೂ ಉತ್ತರ ಕೊಡುತ್ತದೆ: ನಿಮಗೆ ಬೇಕಿರುವುದು ವಿಮಾನವೋ, ವಿಮಾನ ಕಟ್ಟುವ ಕೆಲಸವೋ? ವ್ಯಾನ್ಸ್ ಕಂಪನಿಯ ಆರ್‌ವಿ-7ರಂಥ ಕಿಟ್‌ಗೆ 1,500 ಗಂಟೆಗೂ ಹೆಚ್ಚು ದುಡಿಮೆ ಬೇಕು. ವಾರಕ್ಕೆ ಹತ್ತು ಗಂಟೆ ತಪ್ಪದೆ ಕೂತರೂ ಮೂರು ವರ್ಷ ಹಿಡಿಯುತ್ತದೆ. ಹಾರುವುದಷ್ಟೇ ಬೇಕಾದವರು ಆ ಮೂರು ವರ್ಷ ನೆಲದ ಮೇಲೇ ಕಳೆಯುತ್ತಾರೆ. ಅಂಥವರು ಕಟ್ಟಿ ಮುಗಿದ ವಿಮಾನ ಕೊಳ್ಳುವುದೇ ಸರಿ, ಅದರಲ್ಲಿ ಸಂಕೋಚವೇನೂ ಬೇಡ. ಬಾಲ ಕಟ್ಟುವಾಗ ರಾತ್ರಿ ಊಟವಾದ ಮೇಲೂ ಕಾಲು ತಾನಾಗಿ ಗ್ಯಾರೇಜಿನ ಕಡೆ ನಡೆಯುತ್ತಿದ್ದರೆ ರೆಕ್ಕೆ ತರಿಸಿ.

ಈಗ ಕೈಕೆಲಸದ ಮಾತು. ಹೊಸಬರಿಗೆ ದೊಡ್ಡ ಭಯ ರಿವೆಟ್, ಅಂದರೆ ತಗಡುಗಳನ್ನು ಒಂದಕ್ಕೊಂದು ಬಿಗಿಯುವ ಲೋಹದ ಮೊಳೆ. ಇದರಲ್ಲಿ ಎರಡು ಬಗೆ. ಜೆನಿತ್, ಸೋನೆಕ್ಸ್, ಆರ್‌ವಿ-12ರಂಥ ಕಿಟ್‌ಗಳಲ್ಲಿ ಬಹುಪಾಲು ಪುಲ್ ರಿವೆಟ್: ಒಂದೇ ಬದಿಯಿಂದ ತೂರಿಸಿ ಎಳೆದರೆ ಮುಗಿಯಿತು, ಒಬ್ಬರೇ ಮಾಡಬಹುದು. ಆರ್‌ವಿ-7ರಂಥವುಗಳಲ್ಲಿ ಗಟ್ಟಿ ರಿವೆಟ್: ಒಂದು ಬದಿಯಿಂದ ಗಾಳಿ ಒತ್ತಡದ ಗನ್ ಬಡಿಯುತ್ತದೆ, ಇನ್ನೊಂದು ಬದಿಯಲ್ಲಿ ಬಕಿಂಗ್ ಬಾರ್ ಎಂಬ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ದೊಡ್ಡ ತಗಡುಗಳಿಗೆ ಎರಡು ಜೋಡಿ ಕೈ ಬೇಕಾಗುತ್ತದೆ. ಸದ್ದೂ ಜೋರು, ಕಿವಿಗೆ ರಕ್ಷಣೆ ಇಲ್ಲದೆ ಒಂದು ರಿವೆಟ್ಟನ್ನೂ ಬಡಿಯಬೇಡಿ, ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ.

ರಿವೆಟ್ ಸರಿಯಾಗಿ ಕೂತಿದೆಯೇ ಎನ್ನುವುದಕ್ಕೆ ಅಳತೆಯಿದೆ. ಬಡಿಯುವ ಮುನ್ನ ಅದರ ಕಾಂಡ ತಗಡಿನಾಚೆ ತನ್ನ ವ್ಯಾಸದ ಒಂದೂವರೆ ಪಟ್ಟು ಚಾಚಿರಬೇಕು. ಬಡಿದ ಮೇಲೆ ಚಪ್ಪಟೆಯಾದ ತಲೆ ವ್ಯಾಸದ ಒಂದೂವರೆ ಪಟ್ಟು ಅಗಲ, ಅರ್ಧ ಪಟ್ಟು ಎತ್ತರ ಇರಬೇಕು. 2.4 ಮಿಲಿಮೀಟರಿನ ರಿವೆಟ್ ಅಂದರೆ 3.6 ಅಗಲ, 1.2 ಎತ್ತರ. ಬೇಡದ ತಗಡಿನ ಚೂರುಗಳ ಮೇಲೆ ನೂರಿನ್ನೂರು ಬಡಿದರೆ ಅಳತೆ ಕಣ್ಣಿಗೇ ಬಂದುಬಿಡುತ್ತದೆ. ಒಂದು ಸೊಟ್ಟಗಾಯಿತು ಎಂದುಕೊಳ್ಳಿ. ಕೊರೆದು ತೆಗೆಯಲು ತಕ್ಷಣ ಕೈ ಹಾಕಬೇಡಿ. ಸ್ವಲ್ಪವೇ ಸೊಟ್ಟಗಿರುವ ರಿವೆಟ್ಟಿಗಿಂತ ಅದನ್ನು ತೆಗೆಯಲು ಹೋಗಿ ಅಗಲವಾದ ತೂತು ಹೆಚ್ಚು ಅಪಾಯ. ನಿಜಕ್ಕೂ ಕೆಟ್ಟಿದ್ದರೆ ತೆಗೆಯಲೇಬೇಕು. ತೂತು ದೊಡ್ಡದಾದ ಸಂದರ್ಭಕ್ಕೆಂದೇ ದಪ್ಪ ಕಾಂಡ, ಚಿಕ್ಕ ತಲೆಯ ರಿವೆಟ್ ಸಿಗುತ್ತದೆ. ಕಟ್ಟುವವರು ಅದನ್ನು ಪ್ರೀತಿಯಿಂದ ‘ಊಪ್ಸ್ ರಿವೆಟ್’ ಎನ್ನುತ್ತಾರೆ.

ನಿಜ ಹೇಳಬೇಕೆಂದರೆ ಸಮಯ ತಿನ್ನುವುದು ರಿವೆಟ್ ಅಲ್ಲ, ಅದರ ಮುಂಚಿನ ತಯಾರಿ. ಭಾಗಗಳನ್ನು ಕ್ಲೀಕೋ ಎಂಬ ಸ್ಪ್ರಿಂಗ್ ಪಿನ್ನುಗಳಿಂದ ತಾತ್ಕಾಲಿಕವಾಗಿ ಜೋಡಿಸಬೇಕು, ತೂತುಗಳನ್ನು ಸರಿಯಾದ ಅಳತೆಗೆ ಕೊರೆಯಬೇಕು, ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಪ್ರತಿ ತೂತಿನ ಬಾಯಲ್ಲಿ ನಿಂತ ಲೋಹದ ಸಿಬಿರನ್ನು ತೆಗೆಯಬೇಕು, ತಗಡಿನ ಅಂಚುಗಳನ್ನು ನುಣುಪು ಮಾಡಬೇಕು. ಬೇಸರದ ಕೆಲಸವೆಂದು ಇದನ್ನು ಹಾರಿಸುವವರಿದ್ದಾರೆ. ದಯವಿಟ್ಟು ಹಾರಿಸಬೇಡಿ. ಅಂಚಿನಲ್ಲಿ ಉಳಿದ ಒಂದು ಗೀರಿನಿಂದಲೇ ಬಿರುಕು ಹುಟ್ಟುತ್ತದೆ. ಹಾರಾಟದ ನಡುಕ ಅದನ್ನು ದಿನದಿನವೂ ಬೆಳೆಸುತ್ತದೆ.

ಗಟ್ಟಿ ರಿವೆಟ್ಟಿನ ಬಾಲದಲ್ಲಿ ನಿಜವಾದ ಪರೀಕ್ಷೆ ರಡ್ಡರಿನ ಹಿಂದಂಚು. ಒಂದು ತುದಿಯಿಂದ ಸಾಲಾಗಿ ಬಡಿಯುತ್ತ ಹೋದರೆ ಅಂಚು ಹಾವಿನಂತೆ ಬಳುಕುತ್ತದೆ. ಅದನ್ನು ನೇರವಾದ ಅಲ್ಯೂಮಿನಿಯಂ ಪಟ್ಟಿಗೆ ಬಿಗಿದು, ಹತ್ತು ತೂತಿಗೊಂದರಂತೆ ಬಡಿದು, ಆಮೇಲೆ ನಡುವಿನವನ್ನು ತುಂಬುತ್ತ ಬರಬೇಕು.

ಲೋಹ ಬೇಡವೆನ್ನುವವರಿಗೆ ಮರ, ಉಕ್ಕಿನ ಕೊಳವೆಯ ಮೇಲೆ ಬಟ್ಟೆ, ಗಾಜಿನ ನಾರಿನ ಕಿಟ್‌ಗಳೂ ಇವೆ. ಗಾಜಿನ ನಾರಿನ ಕೆಲಸದಲ್ಲಿ ಎಪಾಕ್ಸಿ ಎಂಬ ಅಂಟು ಬರಿಗೈಗೆ ತಾಗದಂತೆ ನೋಡಿಕೊಳ್ಳಿ. ಒಮ್ಮೆ ಅಲರ್ಜಿ ಹತ್ತಿದರೆ ಅದು ಬಿಟ್ಟುಹೋಗುವುದು ಕಷ್ಟ, ಕೆಲಸವೇ ನಿಂತುಹೋಗಬಹುದು.

ಜಾಗದ ಚಿಂತೆ ಅಷ್ಟಾಗಿ ಬೇಡ. ಆರ್‌ವಿ-7ರ ರೆಕ್ಕೆಗಳ ಒಟ್ಟು ಹರವು ಸುಮಾರು 7.6 ಮೀಟರ್. ಆದರೆ ಎಡ ಬಲ ಬೇರೆ ಬೇರೆಯಾಗಿ ಕಟ್ಟುವುದರಿಂದ ಒಂದು ಕಾರಿನ ಗ್ಯಾರೇಜಿನಲ್ಲೇ ಆದೀತು. ಕೊನೆಯ ಜೋಡಣೆಗೆ ಮಾತ್ರ ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸುವ ಶೆಡ್ ಬೇಕು.

ಆರ್ಡರ್ ಕೊಡುವ ಮುನ್ನ ಎರಡು ಕೆಲಸ ಮಾಡಿ. ಮೊದಲನೆಯದು, ಅದೇ ಮಾದರಿಯ ವಿಮಾನದಲ್ಲಿ ಒಮ್ಮೆ ಕೂತು ಹಾರಿ. ಭುಜ ತಾಗುತ್ತದೆಯೇ, ಹೊರಗಿನ ನೋಟ ಹಿಡಿಸುತ್ತದೆಯೇ ಎಂಬುದು ಫೋಟೋದಲ್ಲಿ ತಿಳಿಯುವುದಿಲ್ಲ. ಎರಡನೆಯದು, ನಿಮ್ಮ ದೇಶದ ವಿಮಾನಯಾನ ಪ್ರಾಧಿಕಾರದ ನಿಯಮ ಓದಿ, ತಪಾಸಣೆ ಮಾಡುವವರು ಯಾರೆಂದು ಕೇಳಿಕೊಳ್ಳಿ. ಅಮೆರಿಕದಲ್ಲಿ ವಿಮಾನದ ಬಹುಪಾಲನ್ನು ಹವ್ಯಾಸಿಗಳೇ ತಮ್ಮ ಕಲಿಕೆಗೋ ಸಂತೋಷಕ್ಕೋ ಕಟ್ಟಿರಬೇಕು. ಇದನ್ನೇ ಅಲ್ಲಿ ‘51 ಶೇಕಡಾ ನಿಯಮ’ ಎನ್ನುವುದು. ಹಾಗಾಗಿ ಮೊದಲ ತೂತಿನಿಂದಲೇ ದಿನಾಂಕ, ಗಂಟೆ, ಫೋಟೋ ಸಹಿತ ದಿನಚರಿ ಇಡಿ. ಫೋಟೋದಲ್ಲಿ ನಿಮ್ಮ ಮುಖವೂ ಇರಲಿ.

ಬಾಲದ ಯಾವ ಭಾಗವನ್ನೂ ಕೊನೆಯ ತಗಡಿನಿಂದ ಮುಚ್ಚುವ ಮೊದಲು ಅನುಭವಸ್ಥರೊಬ್ಬರಿಗೆ ತೋರಿಸಿ. ಮುಚ್ಚಿದ ಮೇಲೆ ಒಳಗಿನ ರಿವೆಟ್ ನೋಡುವುದು ಕಷ್ಟ. ರೆಕ್ಕೆಯ ಕಿಟ್ ಕೈ ಸೇರಲು ತಿಂಗಳುಗಟ್ಟಲೆ ಹಿಡಿಯಬಹುದು, ಆದ್ದರಿಂದ ಬಾಲದ ಎಲಿವೇಟರ್ (ಮೂತಿಯನ್ನು ಮೇಲೆ ಕೆಳಗೆ ಮಾಡುವ ಭಾಗ) ಕಟ್ಟುತ್ತಿರುವಾಗಲೇ ಆರ್ಡರ್ ಕೊಡಿ. ಅಲ್ಲಿಯವರೆಗೆ ಮುಗಿದ ಬಾಲವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಯಾರ ಕೈಯೂ ಕಾಲೂ ತಾಗದಷ್ಟು ಎತ್ತರದಲ್ಲಿ ಗೋಡೆಗೆ ತೂಗುಹಾಕಿ.