‘ಎಲ್ಲವನ್ನೂ ತರಿಸಿ’ ಎಂದರೆ ಏನೂ ಬರುವುದಿಲ್ಲ

ಜೀವನಾಂಶದ ಅರ್ಜಿ ಹಾಕಲು ನನ್ನ ಬಳಿ ಬರುವ ಹೆಣ್ಣುಮಕ್ಕಳು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. ‘ಗಂಡನ ವ್ಯವಹಾರವೆಲ್ಲ ಕಾಫಿ ವ್ಯಾಪಾರಿಯ ಪುಸ್ತಕದಲ್ಲಿದೆ, ಬ್ಯಾಂಕಿನಲ್ಲಿದೆ, ಅಣ್ಣನ ಹೆಸರಿನಲ್ಲಿದೆ. ಎಲ್ಲವನ್ನೂ ಕೋರ್ಟಿಗೆ ತರಿಸಿ.’ ಅವರ ಸಂಕಟ ನನಗೆ ಅರ್ಥವಾಗುತ್ತದೆ. ಹತ್ತಾರು ವರ್ಷ ತೋಟದ ಮನೆಯಲ್ಲಿ ಬದುಕಿ, ಕೊಯ್ಲಿನ ಕಾಲದಲ್ಲಿ ಕಾರ್ಮಿಕರಿಗೆ ಅಡುಗೆ ಮಾಡಿ ಬಡಿಸಿದ ಹೆಣ್ಣುಮಗಳಿಗೆ ಆ ತೋಟದ ಲೆಕ್ಕದ ಒಂದು ಚೀಟಿಯೂ ಸಿಗುವುದಿಲ್ಲ ಎನ್ನುವುದು ಅನ್ಯಾಯವೇ. ಆದರೆ ಆ ಬೇಡಿಕೆಯನ್ನು ದಾಖಲೆ ತರಿಸುವ ಅರ್ಜಿಯಲ್ಲಿ ಹಾಗೆಯೇ ಬರೆದರೆ ಆ ಅರ್ಜಿ ವಜಾ ಆಗಬಹುದು, ತಿಂಗಳುಗಳು ವ್ಯರ್ಥವಾಗುತ್ತವೆ.

ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ, ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಹೇಳಿದೆ. ಕೃಷಿಕರಿಗೆ ಅದರಲ್ಲಿ ಬೇರೆಯೇ ನಮೂನೆ ಇದೆ. ಜಮೀನು, ಬೆಳೆ, ಅದರ ಆದಾಯವನ್ನು ಬರೆಯಲೇಬೇಕು. ‘ನಾನು ತೋಟದವನು, ನನಗೆ ಸಂಬಳವಿಲ್ಲ’ ಎಂದು ಒಂದೇ ಸಾಲು ಬರೆದು ಕೈ ತೊಳೆದುಕೊಳ್ಳುವಂತಿಲ್ಲ. ಸುಳ್ಳು ಬರೆದರೆ ಅದಕ್ಕೆ ಪ್ರತ್ಯೇಕ ಕ್ರಮವೂ ಇದೆ. ಇಷ್ಟು ಎಲ್ಲರಿಗೂ ಗೊತ್ತಿರುವುದೇ.

ಗೊತ್ತಿಲ್ಲದಿರುವುದು ಮೂರನೆಯವರ ವಿಷಯ. ವ್ಯಾಪಾರಿ, ಕ್ಯೂರಿಂಗ್ ವರ್ಕ್ಸ್ (ಒಣ ಕಾಫಿಯ ಸಿಪ್ಪೆ ತೆಗೆದು ಹದಗೊಳಿಸುವ ಗಿರಣಿ), ಬ್ಯಾಂಕು, ಸಹಕಾರ ಸಂಘ, ಅಣ್ಣ, ಅತ್ತೆ, ಇವರಲ್ಲಿ ಯಾರೂ ನಿಮ್ಮ ಎದುರಾಳಿಗಳಲ್ಲ. ಪ್ರಮಾಣಪತ್ರ ಕೊಡುವ ಹೊಣೆ ಅವರ ಮೇಲಿಲ್ಲ. ಅವರ ಬಳಿ ಇರುವ ಕಾಗದವನ್ನು ನ್ಯಾಯಾಲಯ ಸಮನ್ಸ್ ಕಳುಹಿಸಿ ತರಿಸಬಹುದು. ಆದರೆ ಯಾವ ಕಾಗದ, ಯಾರ ಖಾತೆಯದು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಅದರಿಂದ ಏನು ಸಾಬೀತಾಗಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಅರ್ಜಿಯಲ್ಲೇ ಉತ್ತರ ಇರಬೇಕು. ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ, ಮತ್ತೆ ಮತ್ತೆ ‘ಎಲ್ಲವನ್ನೂ’ ಎಂದೇ ಬರೆಸಲು ಹೇಳುತ್ತಾರೆ.

ಕೊಡಗಿನ ಗೋಣಿಕೊಪ್ಪದ ಕಡೆಯ ಒಬ್ಬ ಹಿರಿಯ ಕಾಫಿ ವ್ಯಾಪಾರಿ ನೆನಪಾಗುತ್ತಾರೆ. ಪ್ರಕರಣ ನನ್ನ ಬಳಿಗೆ ಬರುವ ಮೊದಲೇ ಅವರಿಗೆ ‘ಸಂಸ್ಥೆಯ ಸಂಪೂರ್ಣ ಲೆಕ್ಕಪುಸ್ತಕಗಳನ್ನು ಹಾಜರುಪಡಿಸಿ’ ಎಂಬ ಸಮನ್ಸ್ ಹೋಗಿತ್ತು. ಕೊಯ್ಲಿನ ನಡುವೆ ಅಂಗಡಿಗೆ ಬೀಗ ಹಾಕಿ, ಖಾತೆ ಪುಸ್ತಕಗಳನ್ನು ಗೋಣಿಚೀಲದಲ್ಲಿ ತುಂಬಿಸಿಕೊಂಡು ಅವರು ಕೋರ್ಟಿನ ಮೆಟ್ಟಿಲ ಮೇಲೆ ಕುಳಿತಿದ್ದರು. ತಾನು ಏನು ತಪ್ಪು ಮಾಡಿದೆ ಎಂದು ಬಂದವರನ್ನೆಲ್ಲ ಕೇಳುತ್ತಿದ್ದರು. ಆ ಪುಸ್ತಕಗಳಲ್ಲಿ ಸಂಬಂಧವೇ ಇಲ್ಲದ ಎಷ್ಟೋ ಬೆಳೆಗಾರರ ವ್ಯವಹಾರವಿತ್ತು. ಆಕ್ಷೇಪಣೆ ಬಂತು, ಅವರನ್ನು ವಾಪಸು ಕಳುಹಿಸಲಾಯಿತು. ಆಮೇಲೆ ನಾವು ಕೇಳಿದ್ದು ಒಬ್ಬರ ಹೆಸರಿನ ಖಾತೆ ಮಾತ್ರ, ಮೂರು ಆರ್ಥಿಕ ವರ್ಷಗಳದ್ದು. ಎರಡು ಹಾಳೆಯ ನಕಲನ್ನು ಅವರು ಸಹಿ ಮಾಡಿ ಕಳುಹಿಸಿದರು. ಆ ಎರಡು ಹಾಳೆಯಲ್ಲಿ ಬೇಕಾದದ್ದೆಲ್ಲ ಇತ್ತು. ಕಾಗದ ತರಲು ಮಾತ್ರ ಸಮನ್ಸ್ ಬಂದವರು ಅದನ್ನು ಕಳುಹಿಸಿದರೆ ಸಾಕು, ತಾವೇ ಬರಬೇಕಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಆದೇಶದಲ್ಲಿ ಈ ಅನುಕೂಲವಿದೆ. ಅದನ್ನು ಆ ಹಿರಿಯರಿಗೆ ಮೊದಲೇ ಯಾರಾದರೂ ಹೇಳಬೇಕಿತ್ತು.

ಅವಧಿಯ ವಿಷಯದಲ್ಲಿ ಕೊಡಗಿನವರು ವಿಶೇಷ ಎಚ್ಚರ ವಹಿಸಬೇಕು. ಅರೇಬಿಕಾ ಕೊಯ್ಲು ನವೆಂಬರ್ ಸುಮಾರಿಗೆ, ರೊಬಸ್ಟಾ ಜನವರಿಯಿಂದೀಚೆಗೆ, ಕರಿಮೆಣಸು ಆಮೇಲೆ. ಆದರೆ ಹಣ ಬರುವುದು ಕೊಯ್ದಾಗ ಅಲ್ಲ, ಮಾರಿದಾಗ. ಪಾರ್ಚ್‌ಮೆಂಟನ್ನೋ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಚೆರಿಯನ್ನೋ (ಹಣ್ಣನ್ನು ಹಾಗೆಯೇ ಒಣಗಿಸಿದ ಕಾಫಿ) ಗೋದಾಮಿನಲ್ಲಿಟ್ಟು ಬೆಲೆ ಏರಿದ ಮೇಲೆ ಮಾರುವವರೇ ಹೆಚ್ಚು. ಜನವರಿಯಿಂದ ಮಾರ್ಚ್‌ವರೆಗಿನ ಬ್ಯಾಂಕ್ ವಿವರ ತರಿಸಿ ‘ಏನೂ ಇಲ್ಲವಲ್ಲ’ ಎಂದು ಕುಗ್ಗಿಹೋದವರನ್ನು ಕಂಡಿದ್ದೇನೆ. ಕನಿಷ್ಠ ಎರಡು ಮೂರು ವರ್ಷದ್ದನ್ನು ಕೇಳಬೇಕು, ದಾಸ್ತಾನಿನ ತೂಕದ ಚೀಟಿಯನ್ನೂ ಸೇರಿಸಬೇಕು. ಆದಾಯ ತೆರಿಗೆ ವಿವರದಿಂದಲೂ ಇಲ್ಲಿ ಹೆಚ್ಚು ನಿರೀಕ್ಷಿಸಬೇಡಿ. ಕ್ಯೂರಿಂಗ್ ಮಾಡಿಸದೆ ಮಾರಿದ ಕಾಫಿಯ ಹಣ ಕೃಷಿ ಆದಾಯವೆಂದು ಕೇಂದ್ರದ ತೆರಿಗೆಯಿಂದ ಹೊರಗಿರುತ್ತದೆ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತನಾಡುವ ಕಾಗದ ಬ್ಯಾಂಕಿನ ಸಾಲದ ಕಡತ. ಜೀವನಾಂಶದ ಪ್ರಮಾಣಪತ್ರದಲ್ಲಿ ‘ಹುಳುಬಾಧೆ, ಮಳೆ, ನಷ್ಟ’ ಎಂದು ಬರೆದವರೇ ಸಾಲ ಕೇಳುವಾಗ ಇಷ್ಟು ಎಕರೆ ರೊಬಸ್ಟಾ, ಇಷ್ಟು ಮೆಣಸಿನ ಬಳ್ಳಿ, ವರ್ಷಕ್ಕೆ ಇಷ್ಟು ಚೀಲ ಎಂದು ಸಹಿ ಮಾಡಿರುತ್ತಾರೆ. ನಷ್ಟ ನಿಜವೂ ಇರಬಹುದು. ಮಳೆ ಕೈಕೊಟ್ಟ ವರ್ಷಗಳು ನಮಗೆ ಹೊಸತಲ್ಲ. ಆದರೆ ಎರಡು ಲೆಕ್ಕಗಳ ನಡುವಿನ ಅಂತರಕ್ಕೆ ಅವರು ವಿವರಣೆ ಕೊಡಬೇಕಾಗುತ್ತದೆ. ಇದಕ್ಕೆ ಬ್ಯಾಂಕ್ ಮ್ಯಾನೇಜರ್ ಕಟಕಟೆಗೆ ಬರಲೇಬೇಕೆಂಬ ಹಟ ಬೇಡ. ಖಾತೆಯ ವಿವರಗಳಿಗಂತೂ 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯಿದೆಯ ಪ್ರಕಾರ ದೃಢೀಕೃತ ನಕಲು ಸಾಕು.

ದಯವಿಟ್ಟು ಇನ್ನೊಂದನ್ನು ಮಾಡಬೇಡಿ. ‘ಬ್ಯಾಂಕಿನಲ್ಲಿ ನಮ್ಮವರೇ ಇದ್ದಾರೆ’ ಎಂದು ಮೊಬೈಲ್‌ನಲ್ಲಿ ಖಾತೆಯ ಫೋಟೊ ತೋರಿಸುವವರು ತುಂಬಾ ಜನ. ಸಣ್ಣ ಜಿಲ್ಲೆ, ಎಲ್ಲರಿಗೂ ಎಲ್ಲ ಕಡೆ ನೆಂಟರು. ಆ ಫೋಟೊಗೆ ದೃಢೀಕರಣವಿಲ್ಲ, ಅದನ್ನು ಕೊಟ್ಟ ಹುಡುಗಿಯ ಕೆಲಸ ಹೋಗಬಹುದು. ಅದೇ ವಿವರವನ್ನು ಸಮನ್ಸ್ ಮೂಲಕ ತರಿಸಲು ಸಾಧ್ಯವಿರುವಾಗ ಪ್ರೀತಿಯಿಂದ ಸಹಾಯಕ್ಕೆ ಬಂದವಳನ್ನು ಏಕೆ ಅಪಾಯಕ್ಕೆ ಒಡ್ಡುತ್ತೀರಿ?

ಇನ್ನು ಗಂಡನ ಅಣ್ಣನ ಹೆಸರು, ತಾಯಿಯ ಹೆಸರಿನಲ್ಲಿರುವುದರ ವಿಷಯ. ಜಮ್ಮಾ ಜಮೀನಿನ (ಕೊಡಗಿನಲ್ಲಿ ಕುಟುಂಬಗಳು ತಲೆತಲಾಂತರದಿಂದ ಹೊಂದಿರುವ ಭೂಮಿ) ಪಹಣಿಯಲ್ಲಿ ಪಟ್ಟೇದಾರರ, ಅಂದರೆ ಕುಟುಂಬದ ಪರವಾಗಿ ಹೆಸರು ದಾಖಲಾದ ಹಿರಿಯರ, ಹೆಸರಿನ ಮುಂದೆ ಕಾಣುವ ಎಕರೆಗಳು ಇಡೀ ಒಕ್ಕಕ್ಕೆ (ಮನೆತನಕ್ಕೆ) ಸೇರಿದವು, ಗಂಡನದು ಅದರಲ್ಲಿ ಪಾಲು ಮಾತ್ರ. ಆ ದೊಡ್ಡ ಸಂಖ್ಯೆಯನ್ನು ಅರ್ಜಿಯಲ್ಲಿ ಬರೆದರೆ ನಿಮ್ಮ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ. ಆದರೆ ಪಾಲು ಎಷ್ಟು, ಆ ಭಾಗದ ಫಸಲನ್ನು ಯಾರು ಮಾರುತ್ತಾರೆ, ಹಣ ಯಾವ ಖಾತೆಗೆ ಬರುತ್ತದೆ ಎಂಬುದನ್ನು ಹಂತಹಂತವಾಗಿ ತೋರಿಸಬಹುದು. ಮೊದಲು ಗಂಡನ ಖಾತೆ. ಅಲ್ಲಿಂದ ತಾಯಿಯ ಖಾತೆಗೆ ದೊಡ್ಡ ಮೊತ್ತ ಹೋಗಿದ್ದರೆ, ಆ ದಿನಾಂಕಗಳನ್ನು ಹೆಸರಿಸಿ, ಆ ಅವಧಿಗೆ ಮಾತ್ರ ತಾಯಿಯ ಖಾತೆ. ನೇರವಾಗಿ ಎಪ್ಪತ್ತು ದಾಟಿದ ಅತ್ತೆಯ ಉಳಿತಾಯವನ್ನೆಲ್ಲ ಕೇಳಿದರೆ ನ್ಯಾಯಾಧೀಶರು ಒಪ್ಪುವುದು ಕಷ್ಟ, ಒಪ್ಪದಿರುವುದೂ ಸರಿಯೇ. ಆ ಹಣವೇಕೆ ಹೋಯಿತು ಎಂದು ಹೇಳುವ ಹೊಣೆ, ಅದು ಗಂಡನಿಗೇ ಗೊತ್ತಿರುವ ಸಂಗತಿಯಾದ್ದರಿಂದ, ಅವನ ಮೇಲೆಯೇ ಬೀಳಬಹುದು.

ಪ್ರತಿ ಪ್ರಕರಣ ಬೇರೆ, ನ್ಯಾಯಾಲಯದ ವಿವೇಚನೆಯೂ ಬೇರೆ. ನಿಮ್ಮ ವಕೀಲರೊಡನೆ ಮಾತನಾಡದೆ ಇದನ್ನು ಓದಿ ಅರ್ಜಿ ಬರೆಯಬೇಡಿ. ಅವರನ್ನು ಕಾಣಲು ಹೋಗುವ ಮುನ್ನ ನೆನಪಿರುವ ವ್ಯಾಪಾರಿಯ ಹೆಸರು, ಬ್ಯಾಂಕಿನ ಶಾಖೆ, ಸಾಲ ಪಡೆದ ವರ್ಷವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪಹಣಿ ಮತ್ತು ಋಣಭಾರ ಪ್ರಮಾಣಪತ್ರಕ್ಕೆ ಕೋರ್ಟಿನ ಅನುಮತಿ ಬೇಕಿಲ್ಲ, ಅವನ್ನು ನೀವೇ ಪಡೆಯಬಹುದು. ಸಮನ್ಸ್‌ಗೆ ಆದೇಶವಾದ ಮೇಲೆ ಸಾಕ್ಷಿಯ ಭತ್ಯೆಯನ್ನು (ಸಾಕ್ಷಿಯ ಖರ್ಚಿಗೆ ಕಟ್ಟುವ ಹಣ) ತಡಮಾಡದೆ ಕಟ್ಟಿಬಿಡಿ. ಅದು ಕಟ್ಟದೆ ಸಮನ್ಸ್ ಹೊರಡುವುದಿಲ್ಲ.