ಬಿಯರ್ಡೆಡ್ ಡ್ರ್ಯಾಗನ್: ಕಾಯಿಲೆ ಹುಡುಕುವ ಮೊದಲು ದೀಪ ನೋಡಿ

ಮನೆಯಲ್ಲಿ ಸಾಕುವ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿ ಮೂಲತಃ ಆಸ್ಟ್ರೇಲಿಯಾದ ಒಣ ಒಳನಾಡಿನದು. ನಮ್ಮ ಬೇಲಿ ಮೇಲೆ ತಲೆ ಆಡಿಸುವ ಓತಿಕ್ಯಾತ ಸೇರಿರುವ ಅಗಾಮಿಡೇ ಕುಟುಂಬಕ್ಕೇ ಇದೂ ಸೇರಿದ್ದು. ಇಂಥ ಪ್ರಾಣಿಗಳು ಸುಸ್ತನ್ನು ಸುಲಭಕ್ಕೆ ತೋರಗೊಡುವುದಿಲ್ಲ. ಮೇವು ಬಿಟ್ಟು ಮೂಲೆ ಹಿಡಿಯುವ ಹೊತ್ತಿಗೆ ರೋಗ ಎಷ್ಟೋ ವಾರ ಹಳೆಯದಾಗಿರುತ್ತದೆ. ಅದಕ್ಕೇ ಕಣ್ಣಿಗಿಂತ ತಕ್ಕಡಿಯನ್ನು ನಂಬಬೇಕು. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. 400 ಗ್ರಾಂ ಇದ್ದದ್ದು ಕೆಲವೇ ವಾರಗಳಲ್ಲಿ 360ಕ್ಕೆ ಇಳಿದರೆ, ಅಂದರೆ ಹತ್ತನೇ ಒಂದು ಪಾಲು ಹೋದರೆ, ವೈದ್ಯರ ಬಳಿ ಒಯ್ಯಲು ಅಷ್ಟು ಕಾರಣ ಸಾಕು.

ಹೆಚ್ಚಿನ ತೊಂದರೆಗಳ ಬೇರು ಗೂಡಿನೊಳಗೇ ಇರುತ್ತದೆ. ಬಿಸಿಲು ಕಾಯುವ ಜಾಗದ ಮೇಲ್ಮೈ 38ರಿಂದ 42 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 24ರಿಂದ 28 ಇರಲಿ. ಇದನ್ನು ಗಾಜಿಗೆ ಅಂಟಿಸಿದ ಡಯಲ್ ಥರ್ಮಾಮೀಟರಿನಿಂದ ಅಳೆಯಬೇಡಿ. ಅದು ಹೇಳುವುದು ಗೋಡೆಯ ಬಿಸಿ. ಇನ್‌ಫ್ರಾರೆಡ್ ಥರ್ಮಾಮೀಟರನ್ನು ಪ್ರಾಣಿ ಕೂರುವ ಕಲ್ಲಿಗೇ ಹಿಡಿಯಿರಿ. ಬಿಸಿ ಸಾಲದಿದ್ದರೆ ಮೇವು ಜೀರ್ಣವಾಗುವುದಿಲ್ಲ, ರೋಗನಿರೋಧಕ ಶಕ್ತಿಯೂ ಕುಗ್ಗುತ್ತದೆ.

ಇನ್ನು ಮೂಳೆ ರೋಗ. ಕಲಿಯುವವರು ಇದೊಂದನ್ನು ಬೇರುಸಹಿತ ಅರ್ಥ ಮಾಡಿಕೊಂಡರೆ ಉಳಿದದ್ದು ಸಲೀಸು. ಚರ್ಮಕ್ಕೆ ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ) ಕಿರಣ ಬಿದ್ದರೆ ವಿಟಮಿನ್ ಡಿ3 ತಯಾರಾಗುತ್ತದೆ. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಆಗ ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಕೊಡುತ್ತದೆ. ಮೊದಲ ಸೂಚನೆ ಬಹಳ ಸಣ್ಣದು: ಅಂಗೈ ಮೇಲೆ ಸುಮ್ಮನೆ ಕೂತಾಗ ಕಾಲ್ಬೆರಳ ತುದಿ ತಾನಾಗಿಯೇ ಅದುರುತ್ತದೆ. ಆಮೇಲೆ ಕೆಳದವಡೆ ರಬ್ಬರಿನಂತೆ ಬಾಗುತ್ತದೆ, ಕಾಲು ಊದಿ ಸೊಟ್ಟಗಾಗುತ್ತದೆ, ಹೊಟ್ಟೆಯನ್ನು ನೆಲದಿಂದ ಎತ್ತಲು ಆಗದೆ ತೆವಳುತ್ತದೆ. ಸೊಟ್ಟಗಾದ ಮೂಳೆ ಮತ್ತೆ ನೆಟ್ಟಗಾಗುವುದು ಅಪರೂಪ.

ಇಲ್ಲಿ ಎಡವುವುದು ಬಹುತೇಕ ದೀಪದಲ್ಲೇ. ಕಿಟಕಿಯ ಬಿಸಿಲು ಸಾಕೆಂದುಕೊಳ್ಳುತ್ತಾರೆ, ಆದರೆ ಗಾಜು ಯುವಿಬಿಯನ್ನು ತಡೆಯುತ್ತದೆ. ದೀಪದ ಕೆಳಗಿನ ಜಾಲರಿಯೂ ಒಂದು ಪಾಲು ತಿನ್ನುತ್ತದೆ. ಟ್ಯೂಬ್ ಉರಿಯುತ್ತಿದೆ ಎಂದಮಾತ್ರಕ್ಕೆ ಯುವಿಬಿ ಇದೆ ಎಂದಲ್ಲ. ಬೆಳಕು ಉಳಿದು ಕಿರಣ ಸತ್ತಿರಬಹುದು. ಯುವಿಬಿ ಕೊಡುವ ಉದ್ದನೆಯ ಟಿ5 (ತೆಳ್ಳನೆಯ ಫ್ಲೋರೊಸೆಂಟ್) ಟ್ಯೂಬನ್ನೇ ಹಾಕಿ. 6ರಿಂದ 12 ತಿಂಗಳಿಗೆ ಬದಲಿಸಿ. ಯುವಿ ಅಳೆಯುವ ಮೀಟರ್ ಇದ್ದರೆ ಬೆನ್ನಿನ ಮಟ್ಟದಲ್ಲಿ ಯುವಿ ಸೂಚ್ಯಂಕ 3ರಿಂದ 5 ಬರುವಂತೆ ಎತ್ತರ ಹೊಂದಿಸಿ.

ಮೇವಿನಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಸುಮಾರು ಎರಡು ಪಟ್ಟು ಇರಬೇಕು. ಮೇವಾಗಿ ಕೊಡುವ ಚಿಮ್ಮಂಡೆಯಲ್ಲಿ ಲೆಕ್ಕ ತಿರುಗುಮುರುಗು. ಹಾಗಾಗಿ ಕೊಡುವ ಒಂದು ದಿನ ಮೊದಲು ಅದಕ್ಕೆ ಒಳ್ಳೆಯ ಸೊಪ್ಪು ತಿನ್ನಿಸಿ, ರಂಜಕವಿಲ್ಲದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಸವರಿ ಕೊಡಿ: ಮರಿಗಳಿಗೆ ದಿನವೂ, ದೊಡ್ಡವಕ್ಕೆ ವಾರಕ್ಕೆ ಎರಡು ಮೂರು ಸಲ. ಪಾಲಕ್, ಹರಿವೆ ಸೊಪ್ಪಿನ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ದಿನನಿತ್ಯದ ಮೇವು ಅದಾಗಬಾರದು. ಹುಳು ಎಷ್ಟು ದೊಡ್ಡದಿರಬೇಕು? ಡ್ರ್ಯಾಗನ್‌ನ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಉದ್ದವಿರಬಾರದು. ಮಿಣುಕುಹುಳುವನ್ನಂತೂ ಹತ್ತಿರ ಬಿಡಬೇಡಿ, ಒಂದೇ ಒಂದು ತಿಂದರೂ ಸಾಯಬಹುದು. ನಮ್ಮಲ್ಲಿ ಮುಂಗಾರಿಗೆ ಮುಂಚೆ ಕಿಟಕಿ ತೆರೆದಿಡುವವರು ಇದನ್ನು ನೆನಪಿಡಿ.

ಮಲ ಕಟ್ಟುವುದಕ್ಕೆ ಗೂಡಿನಲ್ಲಿ ಹಾಸಿದ ಮರಳಿನ ಮೇಲಷ್ಟೇ ತಪ್ಪು ಹೊರಿಸುತ್ತಾರೆ. ಕಡಿಮೆ ಬಿಸಿ, ನೀರಿನ ಕೊರತೆ, ಕ್ಯಾಲ್ಸಿಯಂ ಕೊರತೆಗಳೂ ಅಷ್ಟೇ ಕಾರಣ. ಮಲ ಕಟ್ಟಿದರೆ 35 ಡಿಗ್ರಿ ಆಸುಪಾಸಿನ ನೀರಿನಲ್ಲಿ, ಭುಜ ಮುಳುಗದಷ್ಟು ಆಳಕ್ಕೆ, 15 ನಿಮಿಷ ನಿಲ್ಲಿಸಿ, ಪಕ್ಕದಿಂದ ಕದಲಬೇಡಿ. ಹಿಂಗಾಲು ಎಳೆಯುತ್ತಿದ್ದರೆ ಸ್ನಾನದಲ್ಲಿ ಹೊತ್ತು ಕಳೆಯದೆ ನೇರ ವೈದ್ಯರಲ್ಲಿಗೆ ಒಯ್ಯಿರಿ. ಬಾಯಿಗೆ ಎಣ್ಣೆ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿಯಬಹುದು.

ದೀಪದಡಿ ಬಾಯಿ ತೆರೆದು ಕೂತರೆ ಅದು ಮೈ ತಣಿಸಿಕೊಳ್ಳುತ್ತಿದೆ, ಗಾಬರಿ ಬೇಡ. ತಂಪು ತುದಿಯಲ್ಲೂ ಬಾಯಿ ತೆರೆದಿದ್ದು ಮೂಗಿನಲ್ಲಿ ಗುಳ್ಳೆ ಕಂಡರೆ ಶ್ವಾಸಕೋಶದ ಸೋಂಕಿರಬಹುದು. ಚಳಿಗಾಲದಲ್ಲಿ ದೊಡ್ಡವು ವಾರಗಟ್ಟಲೆ ನಿದ್ರಿಸುತ್ತವೆ, ಆದರೆ ಆಗ ತೂಕ ಅಷ್ಟಾಗಿ ಇಳಿಯುವುದಿಲ್ಲ. ವರ್ಷ ತುಂಬದ ಮರಿ ಹಾಗೆ ಮಲಗಿದರೆ ಕಾಯಿಲೆ ಎಂದೇ ಹಿಡಿಯಿರಿ. ಪೊರೆಯೊಂದಿಗೆ ಹೋಗದ ಹಳದಿ-ಕಂದು ಹಕ್ಕಳೆ ಕಂಡರೆ ನ್ಯಾನಿಜಿಯಾಪ್ಸಿಸ್ ಶಿಲೀಂಧ್ರದ ಅನುಮಾನ ಇರಲಿ. ಅದು ಅಂಟುರೋಗ, ಕೂಡಲೇ ಬೇರೆ ಗೂಡಿಗೆ ಹಾಕಿ.

ಹೊಸದನ್ನು ತಂದರೆ 90 ದಿನ ಬೇರೆ ಕೋಣೆಯಲ್ಲಿಟ್ಟು ಮಲ ಪರೀಕ್ಷೆ ಮಾಡಿಸಿ. ಕರುಳಿನ ಪರಾವಲಂಬಿಗಳಾದ ಕಾಕ್ಸಿಡಿಯಾ, ಪಿನ್‌ವರ್ಮ್ ಸಿಗುವುದು ಸಾಮಾನ್ಯ. ಎಷ್ಟಿವೆ ಎಂಬುದರ ಮೇಲೆ ಔಷಧಿ ನಿರ್ಧಾರವಾಗುತ್ತದೆ, ಊಹೆಯಿಂದ ಹುಳದ ಔಷಧಿ ಕೊಡಬೇಡಿ. ತಾಜಾ ಮಲವನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ, ತಡವಾಗುವುದಾದರೆ ತಂಪಿನಲ್ಲಿಟ್ಟು, 24 ಗಂಟೆಯೊಳಗೆ ತಲುಪಿಸಿ.

ಆರೋಗ್ಯವಾಗಿರುವ ಪ್ರಾಣಿಯ ಮೈಯಲ್ಲೂ ಮನುಷ್ಯರಿಗೆ ಭೇದಿ ತರಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಅದರ ಬಟ್ಟಲು, ಸ್ನಾನದ ಟಬ್ಬು ಅಡುಗೆಮನೆಯ ಸಿಂಕಿಗೆ ಹೋಗಕೂಡದು. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡದಿರುವುದೇ ಸರಿ.