ಅನಿಮೇಷನ್‌ನಲ್ಲಿ ರಾಜಕೀಯ ಇತಿಹಾಸ: ಹರಪನಹಳ್ಳಿಯಿಂದಲೇ ಶುರು ಮಾಡೋಣ

ಹರಪನಹಳ್ಳಿ ಇದ್ದ ಜಾಗದಲ್ಲೇ ಇದೆ. ಅದರ ವಿಳಾಸ ಮಾತ್ರ ಬದಲಾಗುತ್ತಲೇ ಬಂದಿದೆ. ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜೊತೆ ಮೈಸೂರಿಗೆ ಬಂತು. 1997ರಲ್ಲಿ ಜೆ.ಎಚ್. ಪಟೇಲರು ದಾವಣಗೆರೆಯನ್ನು ಜಿಲ್ಲೆ ಮಾಡಿದಾಗ ದಾವಣಗೆರೆಗೆ ಸೇರಿತು. ಆಮೇಲೆ ಬಳ್ಳಾರಿಯೂ ಸೇರಿದಂತೆ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದ 371(ಜೆ) ವಿಧಿ ಕೊಡುವ ವಿಶೇಷ ಸವಲತ್ತು ನಮಗೂ ಬೇಕು ಅಂತ ಹೋರಾಟ ನಡೆದು ವಾಪಸ್ ಬಳ್ಳಾರಿ. 2021ರಿಂದ ವಿಜಯನಗರ ಜಿಲ್ಲೆ.

ಓದಿದರೆ ತಲೆ ಗಿರ್ ಅನ್ನುತ್ತೆ, ಅಲ್ವಾ? ಅದೇ ಒಂದು ನಕ್ಷೆ ಇಟ್ಟು, ಊರಿನ ಚುಕ್ಕೆಯನ್ನು ಅಲ್ಲಾಡಿಸದೆ, ಸುತ್ತಲಿನ ಗೆರೆ, ಬಣ್ಣ ಮಾತ್ರ ಸರಿಸುತ್ತಾ ಹೋದರೆ ಇಪ್ಪತ್ತು ಸೆಕೆಂಡಿನಲ್ಲಿ ಕಥೆ ಮುಗಿಯುತ್ತೆ. ದಾವಣಗೆರೆಯಲ್ಲಿ ರೂಮು ಮಾಡಿಕೊಂಡು ಕೆಎಎಸ್‌ಗೆ, ಪಿಡಿಒ ಪರೀಕ್ಷೆಗೆ ಓದುವ ಹುಡುಗರು ಏಕೀಕರಣದ ಪಾಠವನ್ನು ಮೊಬೈಲಿನಲ್ಲಿ ಹೀಗೆ ನೋಡಿಕೊಂಡರೆ ಅದರಲ್ಲಿ ಆಶ್ಚರ್ಯ ಏನಿಲ್ಲ.

ಆದರೆ ಇದು ಯೂಟ್ಯೂಬ್ ತಂದ ಹೊಸ ಐಡಿಯಾ ಅಲ್ಲ. ನೂರು ವರ್ಷ ದಾಟಿದೆ. 1915ರಲ್ಲಿ ಜರ್ಮನ್ ಸಬ್‌ಮೆರಿನ್ ಒಂದು ಲೂಸಿಟಾನಿಯಾ ಹಡಗನ್ನು ಮುಳುಗಿಸಿತು. ಸತ್ತವರು ಸುಮಾರು 1,200 ಜನ. ಅದು ಮುಳುಗಿದ್ದನ್ನು ಯಾವ ಕ್ಯಾಮೆರಾನೂ ಹಿಡಿದಿರಲಿಲ್ಲ. ಅಮೆರಿಕದ ವಿನ್ಸರ್ ಮೆಕೇ ಎಂಬ ಚಿತ್ರಕಾರ ಸುಮಾರು 25,000 ಚಿತ್ರ ಬರೆದು, 1918ರಲ್ಲಿ ಅದನ್ನು ತೆರೆ ಮೇಲೆ ಮುಳುಗಿಸಿ ತೋರಿಸಿದ. ಹನ್ನೆರಡು ನಿಮಿಷದ ಚಿತ್ರ. ಅದರಲ್ಲಿ ಹೊಗೆ, ಅಲೆ, ನೀರಿಗೆ ಬೀಳುವ ಜನ ಎಲ್ಲಾ ಎಷ್ಟು ಗಂಭೀರವಾಗಿದೆ ಅಂದರೆ, ಇದು ಯಾರೋ ಕೂತು ಬರೆದದ್ದು ಅನ್ನೋದೇ ಮರೆತುಹೋಗುತ್ತೆ. ಅದು ಯುದ್ಧಪ್ರಚಾರದ ಚಿತ್ರವೂ ಹೌದು. ಜರ್ಮನ್ನರ ಮೇಲೆ ಸಿಟ್ಟು ಬರಿಸೋದೇ ಅದರ ಉದ್ದೇಶ. ಅಂದರೆ ವಿವರಣೆ ಮತ್ತು ಪ್ರಚಾರ, ಎರಡೂ ಈ ಕಲೆಯಲ್ಲಿ ಮೊದಲಿಂದಲೂ ಒಟ್ಟಿಗೇ ಇವೆ.

ಆಮೇಲೆ ಸರ್ಕಾರಗಳು ಇದರ ರುಚಿ ಹಿಡಿದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಚಾರ್ಲಿ ಎಂಬ ಕಾರ್ಟೂನ್ ಮನುಷ್ಯನನ್ನು ಸೃಷ್ಟಿಸಿದರು. 1948ರಲ್ಲಿ ಬಂದ ಉಚಿತ ಆರೋಗ್ಯ ಸೇವೆ ಏನು, ಎತ್ತ ಅಂತ ಜನರಿಗೆ ಹೇಳಿದ್ದು ಇವನೇ. ಅವನು ಮೊದಲು ಗೊಣಗುತ್ತಾನೆ, ಆಮೇಲೆ ಒಪ್ಪುತ್ತಾನೆ. ಆ ಚಿತ್ರ ಮಾಡಿದ ಹ್ಯಾಲಾಸ್ ಮತ್ತು ಬ್ಯಾಚೆಲರ್ ಸ್ಟುಡಿಯೋನೇ 1954ರಲ್ಲಿ, ರಷ್ಯಾದ ಕಮ್ಯುನಿಸ್ಟ್ ಆಡಳಿತವನ್ನು ಅಣಕಿಸುವ ಜಾರ್ಜ್ ಆರ್ವೆಲ್‌ನ ಕಾದಂಬರಿ 'ಅನಿಮಲ್ ಫಾರ್ಮ್' ಅನ್ನು ಚಿತ್ರ ಮಾಡಿತು. ಅದಕ್ಕೆ ಹಿಂದಿನಿಂದ ದುಡ್ಡು ಕೊಟ್ಟಿದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅಂತ ಎಷ್ಟೋ ವರ್ಷದ ಮೇಲೆ ಹೊರಬಿತ್ತು. ಮೂಲ ಕಾದಂಬರಿಯ ಕೊನೆಯನ್ನೇ ಚಿತ್ರದಲ್ಲಿ ಬದಲಾಯಿಸಿದ್ದರು.

ನಮ್ಮಲ್ಲಿ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ 1956ರಲ್ಲಿ ಕಾರ್ಟೂನ್ ಘಟಕ ತೆರೆಯಿತು. ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಬಂದು ಹುಡುಗರಿಗೆ ಕಲಿಸಿದರು. ಅದೇ ಫಿಲ್ಮ್ಸ್ ಡಿವಿಷನ್‌ನ 1974ರ ಕಾರ್ಟೂನ್ 'ಏಕ್ ಅನೇಕ್ ಔರ್ ಏಕ್ತಾ' ದೂರದರ್ಶನ ನೋಡಿ ಬೆಳೆದವರಿಗೆಲ್ಲ ನೆನಪಿರುತ್ತೆ. ಚೆನ್ನಾಗಿದೆ, ನನಗೂ ಇಷ್ಟ. ಆದರೆ ಅದು ಒಗ್ಗಟ್ಟು ಕಲಿಸುತ್ತೆ, ಇತಿಹಾಸ ಅಲ್ಲ. ಯಾರ ಜೊತೆ ಯಾರಿಗೆ ಜಗಳ ಆಯ್ತು, ಯಾಕೆ ಆಯ್ತು ಅನ್ನೋದನ್ನು ಸರ್ಕಾರಿ ದುಡ್ಡಿನಲ್ಲಿ ಹೇಳೋದು ಸುಲಭದ ಕೆಲಸ ಅಲ್ಲ ಬಿಡಿ.

ಆ ಕೆಲಸವನ್ನು ನಮ್ಮ ಸೀಮೆಯಲ್ಲಿ ಮಾಡಿದ್ದು ತೊಗಲುಗೊಂಬೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣ, ಮಹಾಭಾರತ ಆಡುತ್ತಿದ್ದ ಪರದೆ ಮೇಲೆ ಗಾಂಧೀಜಿಯನ್ನು, ಸ್ವಾತಂತ್ರ್ಯ ಹೋರಾಟವನ್ನು ತಂದರು. ಅವರು 2023ರ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದು ನಮ್ಮ ಚಳ್ಳಕೆರೆ ಕಡೆಯ ರಸ್ತೆ ಅಪಘಾತದಲ್ಲಿ. ಚರ್ಮದ ಗೊಂಬೆ, ಹಿಂದೆ ದೀಪ, ಮುಂದೆ ಬಿಳಿ ಪರದೆ. ಕೈಯಿಂದ ಆಡಿಸುವ ಅನಿಮೇಷನ್ ಅಂದರೂ ತಪ್ಪಿಲ್ಲ. ಅದರಲ್ಲಿ ಕಿಳ್ಳೇಕ್ಯಾತ ಅಂತ ಒಬ್ಬ ಇದ್ದಾನೆ, ಜೊತೆಗೆ ಬಂಗಾರಕ್ಕ. ರಾಜರ ಕಥೆ ನಡೀತಾ ಇರುವಾಗ ನಡುವೆ ನುಗ್ಗಿ ತಮಾಷೆ ಮಾಡೋದು, ಕೊಂಕು ತೆಗೆಯೋದು ಅವರ ಕೆಲಸ.

ಈಗಿನ ವಿವರಣೆ ವಿಡಿಯೋಗಳಲ್ಲಿ ಅಂಥವರು ಇಲ್ಲ. ಅಲ್ಲೇ ನನ್ನ ತಕರಾರು.

ಚಿತ್ರದುರ್ಗವನ್ನೇ ತಗೊಳ್ಳಿ. 1779ರಲ್ಲಿ ಹೈದರಾಲಿ ಕೋಟೆ ಹಿಡಿದ, ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಒಯ್ದ. ಇದು ದಾಖಲೆಯಲ್ಲಿರುವ ವಿಷಯ. ಓಬವ್ವನ ಒನಕೆ ಜನರ ಬಾಯಿಂದ ಬಾಯಿಗೆ ಬಂದ ಕಥೆ. ಜನ ನೆನಪಿಟ್ಟಿದ್ದೂ ಇತಿಹಾಸವೇ, ಆದರೆ ಎರಡೂ ಒಂದೇ ಥರದ ಸಾಕ್ಷಿ ಅಲ್ಲ. ಅನಿಮೇಷನ್‌ನಲ್ಲಿ ಎರಡಕ್ಕೂ ಒಂದೇ ಬ್ರಷ್, ಒಂದೇ ಬಣ್ಣ. ಈಗಾಗಲೇ ನಮ್ಮ ಕಣ್ಣಿಗೆ ಬರೋ ಓಬವ್ವ 1972ರ 'ನಾಗರಹಾವು' ಚಿತ್ರದ ಜಯಂತಿಯವರು. ಇನ್ನು ಬಾಣದ ಗುರುತಿನ ವಿಷಯ. ಶ್ರೀರಂಗಪಟ್ಟಣದಿಂದ ದುರ್ಗಕ್ಕೆ ಒಂದು ಕೆಂಪು ಬಾಣ ಎಳೆದರೆ ಕಥೆ ಮುಗಿದಂತೆ ಕಾಣುತ್ತೆ. ಮದಕರಿ ಅದಕ್ಕೂ ಮುಂಚೆ ಹೈದರನಿಗೆ ಕಪ್ಪ ಕೊಟ್ಟವನು, ಅವನ ಪರವಾಗಿ ದಂಡು ತಗೊಂಡು ಹೋದವನು, ಆ ಕಡೆ ಮರಾಠರನ್ನೂ ಸಂಭಾಳಿಸಬೇಕಿದ್ದವನು. ಇದಕ್ಕೆ ಯಾವ ಬಣ್ಣದ ಬಾಣ ಹಾಕ್ತೀರಿ?

ಏಕೀಕರಣದ ನಕ್ಷೆಯೂ ಹಾಗೇ. ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು, ಮೈಸೂರು ಅಂತ ಐದು ಬಣ್ಣ. 1956ರ ನವೆಂಬರ್ 1 ಅಂದ ಕೂಡಲೇ ಎಲ್ಲಾ ಕರಗಿ ಒಂದಾಗುತ್ತೆ, ಹಿನ್ನೆಲೆಯಲ್ಲಿ ಸಂಗೀತ ಬೇರೆ. ನೋಡಿದವರಿಗೆ ಇದು ಆಗಲೇಬೇಕಿತ್ತು, ತಾನಾಗೇ ಆಯ್ತು ಅನ್ನಿಸುತ್ತೆ. ಆದರೆ ಹಳೇ ಮೈಸೂರಿನ ಎಷ್ಟೋ ನಾಯಕರಿಗೆ ಇದು ಬೇಡವಾಗಿತ್ತು. ನಮ್ಮ ದುಡ್ಡು ಹಿಂದುಳಿದ ಕಡೆಗೆ ಹೋಗುತ್ತೆ ಅನ್ನೋ ಲೆಕ್ಕ ಒಂದು, ಜಾತಿ ಬಲಾಬಲ ತಿರುಗುಮುರುಗು ಆಗುತ್ತೆ ಅನ್ನೋ ಭಯ ಇನ್ನೊಂದು. ಎರಡು ಕನ್ನಡ ರಾಜ್ಯ ಇರಲಿ ಅನ್ನೋ ಮಾತೂ ರಾಜ್ಯಗಳ ಮರುವಿಂಗಡಣೆಗೆ ನೇಮಿಸಿದ್ದ ಫಜಲ್ ಅಲಿ ಆಯೋಗದ ಮುಂದೆ ಬಂದಿತ್ತು. 1953ರ ಸೆಪ್ಟೆಂಬರ್ 30ರ ರಾತ್ರಿ ಬಳ್ಳಾರಿಯಲ್ಲಿ ವಿಲೀನದ ಸಂಭ್ರಮಕ್ಕೆ ಹಾಕಿದ್ದ ಚಪ್ಪರ ಕಾಯುತ್ತಿದ್ದ ರಂಜಾನ್ ಸಾಬ್ ಆಸಿಡ್ ದಾಳಿಗೆ ಬಲಿಯಾದರು. ಬಣ್ಣ ಕರಗುವ ಆ ಒಂದು ಸೆಕೆಂಡಿನಲ್ಲಿ ಅವರಿಗೆ ಜಾಗ ಎಲ್ಲಿದೆ?

ಹಾಗಂತ ಇದು ಬೇಡ ಅನ್ನೋಕಾಗಲ್ಲ. 2008ರ 'ವಾಲ್ಟ್ಸ್ ವಿತ್ ಬಶೀರ್' ನೋಡಿ. 1982ರ ಲೆಬನಾನ್ ಯುದ್ಧದಲ್ಲಿದ್ದ ಇಸ್ರೇಲಿ ನಿರ್ದೇಶಕ, ಆ ಯುದ್ಧ ತನಗೆ ಸರಿಯಾಗಿ ನೆನಪಿಲ್ಲ ಅನ್ನೋದನ್ನೇ ಅನಿಮೇಷನ್ ಮಾಡಿದ. ಕೊನೆಗೆ ಮಾತ್ರ ಬರೆದ ಚಿತ್ರ ಬಿಟ್ಟು ನಿಜವಾದ ವಿಡಿಯೋ ತೋರಿಸಿದ. ಅಂದರೆ ಅನುಮಾನವನ್ನೂ ಬರೆಯೋಕೆ ಬರುತ್ತೆ. ದಾಖಲೆ ಇದ್ದದ್ದಕ್ಕೆ ಗಟ್ಟಿ ಗೆರೆ, ಜನರ ಬಾಯಲ್ಲಿ ಬಂದದ್ದಕ್ಕೆ ಚುಕ್ಕಿ ಗೆರೆ ಇಟ್ಟರೂ ಎಷ್ಟೋ ಆಯ್ತು.

ದಾವಣಗೆರೆಯಲ್ಲೇ ದೃಶ್ಯಕಲಾ ಕಾಲೇಜಿದೆ, ಕೈ ಪಳಗಿದ ಹುಡುಗರಿದ್ದಾರೆ. ಕಥೆಗೂ ಬರ ಇಲ್ಲ. 1956ಕ್ಕೆ ಮುಂಚೆ ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಮೈಸೂರು ಮುಗಿದು ಮುಂಬೈ ರಾಜ್ಯ ಶುರು. ದುರ್ಗದಲ್ಲಿ ವಕೀಲಿಕೆ ಮಾಡಿದ ನಿಜಲಿಂಗಪ್ಪನವರು 1969ರ ನವೆಂಬರ್‌ನಲ್ಲಿ, ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಕಾಂಗ್ರೆಸ್ಸಿನಿಂದ ಹೊರಗೆ ಹಾಕಿದ ಅಧ್ಯಕ್ಷರು. ಇವನ್ನು ಮಾಡುವಾಗ ಕಿಳ್ಳೇಕ್ಯಾತನನ್ನು ಒಂದು ಮೂಲೆಯಲ್ಲಿ ಕೂರಿಸಿಬಿಡಿ. ಬಾಣ ಜೋರಾಗಿ ಓಡುತ್ತಿರುವಾಗ ಅವನು ಎದ್ದು, "ತಡಿಯಪ್ಪಾ, ಇದನ್ನ ನೋಡಿದವರು ಯಾರು? ನಿನಗೆ ದುಡ್ಡು ಕೊಟ್ಟವರು ಯಾರು?" ಅಂತ ಕೇಳಲಿ. ವಿಡಿಯೋ ಎರಡು ನಿಮಿಷ ಜಾಸ್ತಿ ಆಗಬಹುದು, ಅಷ್ಟೇ.